ಯಾವ ಗದ್ದೆಯದು

ಪರದೆಯ ಮೇಲೆ ಕನ್ನಡ ಅಕ್ಷರಗಳು ಕಂಡಾಗ ಗಾನವಿಗೆ ಮೊದಲು ಆದದ್ದು ಬರೀ ಖುಷಿ; ಅನುಮಾನ, ಅಳುಕು ಎಲ್ಲ ಆಮೇಲೆ ಬಂದವು. ಮಲಯ ನಾಡಿನ ಸೈಬರ್‌ಜಯಾದ ಆ ಗಾಜಿನ ಕಟ್ಟಡದಲ್ಲಿ ಕೂತು ಅವಳು ದಿನವಿಡೀ ಮಾಡುವ ಕೆಲಸವೆಂದರೆ, ಜನ ಆನ್‌ಲೈನಿನಲ್ಲಿ ಮಾರುವ ಸಾಮಾನಿನ ಮೇಲೆ ಬಂದ ದೂರುಗಳನ್ನು ಓದಿ, ಮಾರುವವರು ಹೇಳಿದ್ದು ನಿಜವೋ ಸುಳ್ಳೋ ತೀರ್ಮಾನಿಸುವುದು. ಒಂದೇ ವಾರದಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮು, ಹೊಲಿಗೆ ಬಿಚ್ಚಿಕೊಂಡ ಬ್ರ್ಯಾಂಡೆಡ್ ಬ್ಯಾಗು, ಜೇನು ಎಂದು ಹೆಸರಿಟ್ಟುಕೊಂಡ ಸಕ್ಕರೆ ಪಾಕ. ಎಲ್ಲ ಇಂಗ್ಲಿಷಿನಲ್ಲಿ, ಮಲಯ ಭಾಷೆಯಲ್ಲಿ, ಅಪರೂಪಕ್ಕೆ ತಮಿಳಿನಲ್ಲಿ. ಕೆಲಸಕ್ಕೆ ಸೇರುವಾಗ ಗೊತ್ತಿರುವ ಭಾಷೆಗಳ ಸಾಲಿಗೆ ಕನ್ನಡವನ್ನೂ ಸೇರಿಸಿದ್ದು ಸುಮ್ಮನೆ ಠೀವಿಗೆ. ಅದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಈಗ ಯಂತ್ರ ಅದನ್ನು ನೆನಪಿಟ್ಟುಕೊಂಡು, ಊಟ ಮುಗಿಸಿ ಬಂದು ಆಕಳಿಸುತ್ತ ಕೂತವಳ ಮುಂದೆ ಒಂದು ಕನ್ನಡ ಜಾಹೀರಾತು ತಂದಿಟ್ಟಿತ್ತು. ‘ಸಿಯೂ ಲಿಂಗ್, ನೋಡು, ನನ್ನ ಭಾಷೆ!’ ಎಂದು ಅವಳು ಪಕ್ಕದ ಮೇಜಿನ ಕಡೆ ತಿರುಗಿ ಕೂಗಿದಳು. ಅವಳ ತಂಡದ ಮುಖ್ಯಸ್ಥೆ ಸಿಯೂ ಲಿಂಗ್ ಕನ್ನಡಕ ಏರಿಸಿಕೊಂಡು ನೋಡಿ, ‘ಎಲ್ಲ ಉಂಡೆ ಉಂಡೆ, ಕ್ಯೂಟ್ ಲಾ’ ಎಂದಳು, ಇಲ್ಲಿಯವರೆಲ್ಲ ಮಾತಿನ ಬಾಲಕ್ಕೆ ಅಂಟಿಸುವ ‘ಲಾ’ ಸೇರಿಸಿ. ಗಾನವಿ ಆ ಹೊಗಳಿಕೆಯನ್ನು ಇಡೀ ವರ್ಣಮಾಲೆಯ ಪರವಾಗಿ ಸ್ವೀಕರಿಸಿದಳು.

ಜಾಹೀರಾತು ಹೀಗಿತ್ತು: ‘ಊರಿನ ಹೊಸ ತೆನೆ. ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ಹೊಳೆಯ ನೀರು ಕುಡಿದು ಬೆಳೆದದ್ದು. ಇಬ್ಬನಿ ಆರುವ ಮೊದಲೇ ಅಮ್ಮ ಕೊಯ್ದು ತಮ್ಮನ ಕೈಯಲ್ಲಿ ವಿಮಾನಕ್ಕೆ ಕೊಟ್ಟು ಕಳಿಸಿದ್ದು. ತೆನೆ ಹಬ್ಬದ ದಿನ ಹಾಲಿನಲ್ಲಿ ಹಾಕಿ ಬಾಯಿಗಿಡಿ. ಇಷ್ಟು ದೂರ ಬಂದು ಕೂತಿದ್ದೇವೆ, ನಾಲಿಗೆಯಾದರೂ ಒಮ್ಮೆ ಮನೆಗೆ ಹೋಗಿ ಬರಲಿ.’ ಗಾನವಿ ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು. ಅವಳು ಹುಟ್ಟಿ ಬೆಳೆದದ್ದು ಮೈಸೂರಿನ ಸರಸ್ವತೀಪುರಂನಲ್ಲಿ. ಅಲ್ಲಿ ಅವಳು ಕಂಡ ಭತ್ತವೆಂದರೆ ಅಕ್ಕಿ ಚೀಲದ ಮೇಲಿನ ಚಿತ್ರ. ಹೊಳೆಯ ನೀರು ಕುಡಿದ ಗದ್ದೆಗೂ ಅವಳಿಗೂ ಏನೇನೂ ನಂಟಿಲ್ಲ. ಆದರೂ ಆ ಕೊನೆಯ ಮಾತಿಗೆ ಕಣ್ಣು ಒದ್ದೆಯಾಯಿತು, ಎಷ್ಟು ತಿಂಗಳಾಯಿತು ಇಂಥ ಕನ್ನಡ ಓದಿ ಅನ್ನಿಸಿತು, ಇದನ್ನು ಬರೆದ ಪುಣ್ಯಾತ್ಗಿತ್ತಿ ಯಾರಿರಬಹುದು ಎಂದು ಅಂಗಡಿಯ ಹೆಸರು ನೋಡಿದಳು. ಬ್ಲಾಂಚ್ಸ್ ಕಿಚನ್, ಪುಚೊಂಗ್. ಅದರ ಕೆಳಗೆ ಫೋಟೊ. ಹೊಂಬಣ್ಣದ ತೆನೆಗಳ ಒಂದು ಕಟ್ಟು, ಕಟ್ಟಿನ ಕೆಳಗೆ ಅರಿಸಿನ ಬಣ್ಣದ ಬಟ್ಟೆ, ಬಟ್ಟೆಯ ಮೇಲೊಂದು ಟೀ ಕಲೆ. ಆ ಕಲೆಯ ಪರಿಚಯ ಅವಳಿಗೆ ಚೆನ್ನಾಗಿಯೇ ಇತ್ತು. ಅದು ಅವಳ ಚೂಡಿದಾರ. ವಿಮಾನದಲ್ಲಿ ಬಂದ ಊರಿನ ತೆನೆ ಮಲಗಿದ್ದದ್ದು ಅವಳದೇ ಮೊಣಕಾಲುಗಳ ಮೇಲೆ, ಬ್ಲಾಂಚಳ ಕಾರಿನಲ್ಲಿ.

ಹಿಂದಿನ ಶನಿವಾರ ಬ್ಲಾಂಚ್ ಕಾರಿನ ಹಾರ್ನ್ ಬಾರಿಸುತ್ತ ಗಾನವಿಯ ಕಾಂಡೊ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಬಂದು ನಿಂತಿದ್ದಳು. ಬ್ಲಾಂಚ್ ಅಂದರೆ ಎರಡು ಬೀದಿ ಆಚೆಯ ಸಾಲುಮನೆಯಲ್ಲಿರುವ ಮಂಗಳೂರಿನ ಕ್ಯಾಥೊಲಿಕ್ ಹೆಂಗಸು, ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕೆಲಸದಲ್ಲಿರುವ ಕ್ಲಾರೆನ್ಸನ ಹೆಂಡತಿ, ಮತ್ತು ಈ ದೇಶದಲ್ಲಿ ಗಾನವಿಗೆ ಇರುವ ಒಬ್ಬಳೇ ಒಬ್ಬಳು ಗೆಳತಿ. ‘ಬಾ ಮಾರಾಯ್ತಿ, ಸೆಕಿಂಚಾನ್‌ಗೆ ಹೋಗಿ ಬರುವ, ಭತ್ತ ನೋಡುವ’ ಅಂದಿದ್ದಳು, ಭತ್ತ ಅನ್ನುವುದು ಒಂದು ಸರ್ಕಸ್ಸು ಅನ್ನುವ ಹಾಗೆ. ಆ ಕಡಲಬದಿಯ ಊರಿನಲ್ಲಿ ಈ ವರ್ಷ ಕೊಯ್ಲು ತಡವಾಗಿ, ಗದ್ದೆಯಲ್ಲಿ ಇನ್ನೂ ತೆನೆ ನಿಂತಿತ್ತು. ಕಾರಿನಿಂದ ಇಳಿದ ಗಾನವಿ ಎದುರಿಗೆ ಬಿದ್ದ ಅಷ್ಟು ಅಗಲದ ಹಳದಿಯನ್ನು ನೋಡಿ ಕಾರಣವಿಲ್ಲದೆ ನಗತೊಡಗಿದ್ದಳು. ಬ್ಲಾಂಚ್ ಹರಕು ಮುರುಕು ಮಲಯದಲ್ಲಿ ಒಬ್ಬ ಚೀನೀ ರೈತನ ಜೊತೆ ಮಾತಿಗಿಳಿದು, ಆತ ಬೇಡ ಬೇಡವೆಂದರೂ ತಾನೇ ಒಂದಷ್ಟು ಕೊಯ್ದು, ತೆನೆಯ ಕಟ್ಟನ್ನು ಮಗುವನ್ನು ಒಪ್ಪಿಸುವ ಹಾಗೆ ಗಾನವಿಯ ತೊಡೆಗೆ ಹಾಕಿದ್ದಳು. ದಾರಿಯುದ್ದಕ್ಕೂ ಕುತ್ತಿಗೆಗೆ ಹೊಟ್ಟು ಅಂಟಿ ನವೆ. ನವೆಗೂ ನಗು, ಬ್ಲಾಂಚಳ ಕರ್ಕಶ ಹಾಡಿಗೂ ನಗು. ‘ಇಷ್ಟೊಂದು ಯಾಕೇ?’ ಎಂದು ಕೇಳಿದ್ದಕ್ಕೆ, ‘ಮಾತೆ ಮರಿಯಮ್ಮ ಹುಟ್ಟಿದ ದಿನದ ತೆನೆ ಹಬ್ಬಕ್ಕೆ, ಹೊಸ ಭತ್ತ ಉಣ್ಣಬೇಕು. ಎಲ್ಲರಿಗೂ ಬೇಕಲ್ಲ’ ಎಂದಿದ್ದಳು. ಎಲ್ಲರೂ ಅಂದರೆ ಯಾರು ಎಂದು ಗಾನವಿ ಕೇಳಲಿಲ್ಲ. ಕೇಳಿದ್ದರೆ ಬ್ಲಾಂಚ್ ಹೇಳಿಬಿಡುತ್ತಿದ್ದಳು, ಅವಳಿಗೆ ಮುಚ್ಚಿಡುವುದು ಗೊತ್ತಿಲ್ಲ ಎಂದು ಈಗ ಅನ್ನಿಸಿತು. ಫೋಟೊ ತೆಗೆಯುವಾಗ ತಾನು ಮೊಣಕಾಲು ಅಲ್ಲಾಡಿಸದೆ ಉಸಿರು ಬಿಗಿಹಿಡಿದು ಕೂತದ್ದೂ ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ಇನ್ನು ದೂರು. ದೂರು ಬಾರದೆ ಯಾವ ಜಾಹೀರಾತೂ ಅವಳ ಮೇಜಿಗೆ ಬರುವುದಿಲ್ಲ. ಯಾರೋ ಪತ್ತೆ ಹಚ್ಚಿ ಹಿಡಿದುಕೊಟ್ಟಿದ್ದಾರೆ ಎಂದುಕೊಂಡು ಅವಳು ಹೆದರುತ್ತಲೇ ಕೆಳಗಿನ ಪೆಟ್ಟಿಗೆ ತೆರೆದರೆ, ಅಲ್ಲಿದ್ದದ್ದು ದೂರೇ ಅಲ್ಲ. ಇಪೊಹ್ ಊರಿನ ವಿನ್‌ಸ್ಟನ್ ಎಂಬ ಹಿರಿಯರೊಬ್ಬರು ಮಾರುವವಳಿಗೆ ಪ್ರಶ್ನೆ ಬರೆಯಲು ಜಾಗ ಹುಡುಕಿ ಹುಡುಕಿ, ಕೊನೆಗೆ ದೂರು ಕೊಡುವ ಕೆಂಪು ಬಾವುಟದ ಗುಂಡಿ ಒತ್ತಿ, ತೆರೆದುಕೊಂಡ ಖಾಲಿ ಚೌಕದಲ್ಲಿ ಒಂದು ಪತ್ರ ಬರೆದಿದ್ದರು. ‘ಮಾನ್ಯರೇ, ತಾವು ಕಳಿಸಿದ ತೆನೆ ತಲುಪಿತು. ಸಂತೋಷ. ನನ್ನ ಮನೆಯವಳು ಲಿನೆಟ್‌ಗೆ ಎರಡೂ ಕಣ್ಣು ಹೋಗಿ ಕೆಲವು ಕಾಲವಾಯಿತು. ಆದರೆ ಯಾವುದನ್ನೇ ಆಗಲಿ ಬಾಯಿಯಲ್ಲಿ ಹೇಳಿದರೆ ಅವಳು ನೋಡುತ್ತಾಳೆ. ಹಬ್ಬದ ದಿನ ತೆನೆ ಬಾಯಿಗಿಡುವಾಗ ಅದು ಯಾವ ಗದ್ದೆಯದು, ಸುತ್ತ ಏನೇನಿದೆ ಎಂದು ಅವಳಿಗೆ ಹೇಳಬೇಕೆಂದು ಆಸೆ. ದಯವಿಟ್ಟು ಬರೆದು ತಿಳಿಸಿರಿ. ಸಣ್ಣ ವಿಷಯವಾದರೂ ಪರವಾಗಿಲ್ಲ.’ ಗಾನವಿ ಇದನ್ನು ಓದಿ, ನೀರು ಕುಡಿದು ಬರಲೆಂದು ಎದ್ದು, ನೀರು ಕುಡಿಯದೆ ವಾಪಸ್ಸು ಬಂದಳು.

ಸಿಯೂ ಲಿಂಗ್ ಯಂತ್ರದ ಅನುವಾದ ತೆರೆದು ಕೂತಿದ್ದಳು. ‘ಜೋಳ ಮಾರ್ತಿದ್ದಾರಾ? ಹಬ್ಬದ ಜೋಳ? ಕಸ್ಟಮರ್ ಏನೋ ಥ್ಯಾಂಕ್ಸ್ ಹೇಳ್ತಿದ್ದಾರೆ. ತಪ್ಪಿ ಒತ್ತಿದ್ದಾರೆ ಲಾ, ಕ್ಲೋಸ್ ಮಾಡು.’

‘ಅದು ಜೋಳ ಅಲ್ಲ, ಭತ್ತ.’

‘ಸರಿ, ಭತ್ತ. ಕ್ಲೋಸ್ ಮಾಡು.’

‘ಮಾರೋವಳು ನನಗೆ ಗೊತ್ತು’ ಎಂದಳು ಗಾನವಿ, ತನಗೇ ಕೇಳಿಸದಷ್ಟು ಮೆಲ್ಲಗೆ.

‘ಹಾಗಾದ್ರೆ ನನಗೆ ಕಳಿಸು. ರೂಲ್ ಅಲ್ವಾ? ನಾನು ಕ್ಲೋಸ್ ಮಾಡ್ತೀನಿ’ ಎಂದು ಸಿಯೂ ಲಿಂಗ್ ತನ್ನ ಬಿಸ್ಕತ್ತಿನ ಡಬ್ಬಿಯನ್ನು ಅವಳ ಕಡೆ ತಳ್ಳಿದಳು.

ಎಂಥ ಸಲೀಸು. ಪರಿಚಯದವರ ಜಾಹೀರಾತಾದರೆ ಇನ್ನೊಬ್ಬರಿಗೆ ದಾಟಿಸಬೇಕೆಂಬುದು ಕಂಪನಿಯ ನಿಯಮ. ದಾಟಿಸಿದರೆ ಅವಳು ನಿಯಮ ಪಾಲಿಸಿದ ಹಾಗಾಯಿತು; ಸಿಯೂ ಲಿಂಗ್‌ಗೆ ಕನ್ನಡ ಬಾರದು, ಯಂತ್ರಕ್ಕೆ ಸೆಕಿಂಚಾನ್ ಗೊತ್ತಿಲ್ಲ, ಆದ್ದರಿಂದ ಬ್ಲಾಂಚ್ ಪಾರು. ಕೈ ಕೂಡ ಕೊಳೆಯಾಗುವುದಿಲ್ಲ. ಗಾನವಿ ಬಿಸ್ಕತ್ತು ಕಡಿಯುತ್ತ ಈ ಮಾರ್ಗದ ಚೆಲುವನ್ನು ಬಹಳ ಹೊತ್ತು ಮೆಚ್ಚಿಕೊಂಡಳು. ಆದರೆ ಇಷ್ಟು ಅಚ್ಚುಕಟ್ಟಾಗಿ ತೊಳೆದ ಕೈಯೊಂದು ಅವಳಿಗೆ ಯಾಕೋ ಒಗ್ಗಲಿಲ್ಲ. ಈ ಕಚೇರಿಯಲ್ಲಿ ಆ ಪತ್ರವನ್ನು ಓದಬಲ್ಲವಳು, ಆ ಗದ್ದೆಯನ್ನೂ ನೋಡಿದವಳು, ತಾನೊಬ್ಬಳೇ. ತಾನು ಕಣ್ಣು ಮುಚ್ಚಿಕೊಂಡರೆ ಇಪೊಹ್‌ನಲ್ಲಿ ಕೂತ ಲಿನೆಟ್ ಎಂಬಾಕೆ ಇಲ್ಲದ ಹೊಳೆಯೊಂದನ್ನು ನೋಡುತ್ತ ಕೂರುತ್ತಾಳೆ. ಹಾಗೆಂದು ನಿಜವನ್ನು ವರದಿಯಲ್ಲಿ ಬರೆದುಬಿಡೋಣವೆಂದರೆ ಅದೂ ಸುಲಭವಲ್ಲ. ಯಾಕೆಂದರೆ ಬರೆಯಬೇಕೆನ್ನಿಸುವುದರ ಹಿಂದೆ ಯಾವ ಸಿಟ್ಟು ಅಡಗಿ ಕೂತಿದೆಯೋ ಎಂಬ ಗುಮಾನಿ. ಕಳೆದ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ ಬ್ಲಾಂಚ್ ಅವಳ ಹೆಗಲಿಗೆ ಕೈ ಹಾಕಿ, ‘ಇವಳು ಗಾನವಿ, ಆನ್‌ಲೈನ್ ಪೊಲೀಸ್, ಎಲ್ಲರೂ ಹುಷಾರು!’ ಎಂದು ಪರಿಚಯ ಮಾಡಿಸಿದ್ದಳು. ಜನ ನಕ್ಕರು, ಅವಳೂ ನಕ್ಕಳು. ಆಮೇಲೆ ಗಾನವಿ ಇಡೀ ಬೆಳಿಗ್ಗೆ ಕೂತು ಲಟ್ಟಿಸಿದ ಹೋಳಿಗೆಯನ್ನು ಬ್ಲಾಂಚ್ ನೋಡಿ, ‘ಇದು ಹೋಳಿಗೆಯಾ? ನಾನು ಚಪಾತಿ ಅಂತ ಬದನೆಕಾಯಿ ಗೊಜ್ಜು ಹಾಕಿಕೊಂಡೆ’ ಎಂದಳು. ಆಗಲೂ ಗಾನವಿ ನಕ್ಕಳು, ನಕ್ಕು ಬಚ್ಚಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಬಂದು ನೋಡಿದರೆ ಬ್ಲಾಂಚ್ ಅದೇ ಹೋಳಿಗೆಯನ್ನು ತುಪ್ಪ ಸುರಿದುಕೊಂಡು ಒಂದಾದ ಮೇಲೊಂದು ಮುಗಿಸುತ್ತಿದ್ದಳು. ಬರೆದರೆ ಹೋಳಿಗೆಯ ಸೇಡು. ಬರೆಯದಿದ್ದರೆ ಭಾನುವಾರಗಳ ಭಯ. ಬ್ಲಾಂಚ್ ಇಲ್ಲದ ಭಾನುವಾರ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು: ಗಂಡ ಮನೀಷ್ ಕ್ರಿಕೆಟ್ ನೋಡುತ್ತಾನೆ, ತಾನು ಮನೀಷನನ್ನು ನೋಡುತ್ತೇನೆ. ಎರಡರಲ್ಲಿ ಯಾವುದು ನ್ಯಾಯ ಎಂದು ಕೇಳಿಕೊಂಡರೆ ಹೋಳಿಗೆಯ ನೆನಪು ಮಾತ್ರ ಬಂತು. ಅವಳು ಜಾಹೀರಾತನ್ನು ಯಾರಿಗೂ ದಾಟಿಸದೆ, ಮುಚ್ಚದೆ, ಹಾಗೇ ಬಿಟ್ಟು ಕಾರಿನ ಕೀಲಿ ತೆಗೆದುಕೊಂಡಳು.

ಪುಚೊಂಗ್ ಕಡೆಯ ರಸ್ತೆ ಎಂದಿನಂತೆ ಕಿಕ್ಕಿರಿದಿತ್ತು, ಅವಳಿಗೆ ಅದೇ ಬೇಕಾಗಿತ್ತು. ಪ್ರತಿ ಕೆಂಪು ದೀಪದಲ್ಲೂ ಅವಳು ಬ್ಲಾಂಚಳಿಗೆ ಹೇಳಬೇಕಾದ ಮಾತನ್ನು ಜೋರಾಗಿ ಅಭ್ಯಾಸ ಮಾಡಿದಳು. ಪಕ್ಕದ ಕಾರಿನ ಹೆಂಗಸು, ಇವಳು ಹಾಡಿಕೊಳ್ಳುತ್ತಿದ್ದಾಳೆಂದು ತಿಳಿದು ತಾನೂ ತಲೆ ಕುಣಿಸಿದಳು. ಬ್ಲಾಂಚಳ ಮನೆಯ ಬಾಗಿಲು ತೆರೆದೇ ಇತ್ತು, ಒಳಗಿನಿಂದ ಒಗ್ಗರಣೆಯ ವಾಸನೆ. ಊಟದ ಮೇಜಿನ ತುಂಬ ಪುಟ್ಟ ಪುಟ್ಟ ಕಾಗದದ ಪೊಟ್ಟಣ, ಕೆಂಪು ರಿಬ್ಬನ್ನು, ನಡುವೆ ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡ ಬ್ಲಾಂಚ್. ‘ಒಳ್ಳೆ ಹೊತ್ತಿಗೆ ಬಂದೆ, ಕೂತುಕೋ, ಕಟ್ಟು’ ಎಂದು ರಿಬ್ಬನ್ನಿನ ಸುರುಳಿ ಎಸೆದಳು. ಗಾನವಿ ಕೂತಳು. ಅಭ್ಯಾಸ ಮಾಡಿಕೊಂಡು ಬಂದ ಮಾತುಗಳು ನಾಲಿಗೆಯ ತುದಿಯಲ್ಲಿದ್ದರೂ, ಕೈ ತನ್ನಷ್ಟಕ್ಕೆ ಪೊಟ್ಟಣ ಎತ್ತಿಕೊಂಡು ರಿಬ್ಬನ್ ಕಟ್ಟತೊಡಗಿತು. ಗೆಳತಿಯ ಮೇಲೆ ಆರೋಪ ಹೊರಿಸಲು ಬಂದವಳು ಗೆಳತಿಯ ಕಳ್ಳ ಮಾಲಿಗೆ ಚಂದದ ಗಂಟು ಹಾಕುತ್ತಿದ್ದಾಳಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

‘ಬ್ಲಾಂಚ್, ಇದು ಸೆಕಿಂಚಾನ್‌ದು.’

‘ಹೌದು. ಮತ್ತೆ ಚಂದ್ರಲೋಕದ್ದಾ?’

‘ನೀನು ಊರಿಂದು ಅಂತ ಬರ್ದಿದ್ದೀಯ.’

ಬ್ಲಾಂಚಳ ಮುಖ ಅರಳಿತು. ‘ಓ, ನೀನು ಓದಿದ್ದಾ? ಹೇಗುಂಟು? ಚಂದ ಬರೆದಿದ್ದೇನಲ್ಲ?’

‘ತುಂಬಾ ಚೆನ್ನಾಗಿದೆ ಕಣೇ. ನಂಗೆ ಅಳು ಬಂತು. ಅದೇ ಪ್ರಾಬ್ಲಮ್ಮು.’

‘ನೋಡು ಮಾರಾಯ್ತಿ’ ಎಂದು ಬ್ಲಾಂಚ್ ಕತ್ತರಿ ಕೆಳಗಿಟ್ಟಳು. ‘ಊರಿಂದ ಹಸಿ ತೆನೆ ತಂದರೆ ಏರ್‌ಪೋರ್ಟಲ್ಲಿ ಬಿಡುವುದಿಲ್ಲ. ಕ್ಲಾರೆನ್ಸ್‌ಗೆ ಕೇಳು, ಅದಕ್ಕೆ ಎಷ್ಟು ಪೇಪರು ಬೇಕು ಅಂತ. ಸೆಕಿಂಚಾನ್ ಅಂತ ಬರೆದರೆ ಯಾರು ತಗೊಳ್ತಾರೆ? ಕಾರು ಹತ್ತಿ ಅವರೇ ಹೋಗಿ ತರ್ತಾರೆ. ಅವರಿಗೆ ಬೇಕಾದದ್ದು ಭತ್ತ ಅಲ್ಲ, ಒಂಚೂರು ಅಳು. ಅದನ್ನು ನಾನು ಕೊಟ್ಟಿದ್ದೇನೆ. ಇದರಿಂದ ಯಾರಿಗೆ ಹೊಟ್ಟೆನೋವು ಬಂತು, ಹೇಳು?’

ಗಾನವಿ ಪತ್ರದ ಸಂಗತಿ ಹೇಳಿದಳು. ಕಂಪನಿಯ ನಿಯಮದ ಪ್ರಕಾರ ಹೇಳಬಾರದಿತ್ತೇನೋ, ಆದರೆ ಆ ಪತ್ರ ಬ್ಲಾಂಚಳಿಗೇ ಬರೆದದ್ದು. ಬಾಯಿಪಾಠ ಬಂದಿದ್ದರಿಂದ ‘ಮಾನ್ಯರೇ’ಯಿಂದ ಹಿಡಿದು ಕೊನೆಯತನಕ ಹೇಳಿಬಿಟ್ಟಳು. ಬ್ಲಾಂಚ್ ಟವೆಲ್ಲಿನಿಂದ ಕೈ ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು. ಒಂದು ಕ್ಷಣ ಗಾನವಿಗೆ ಎಲ್ಲ ಇಲ್ಲಿಗೇ ಮುಗಿಯಿತು, ಇವಳು ತಾನಾಗಿಯೇ ಜಾಹೀರಾತು ತೆಗೆದುಹಾಕುತ್ತಾಳೆ ಅನ್ನಿಸಿತು. ಆದರೆ ಬ್ಲಾಂಚಳ ಕಣ್ಣಿನಲ್ಲಿ ಬೇರೆಯದೇ ಬೆಳಕು. ‘ಪಾಪ ಅಲ್ಲವಾ? ನಾನೇ ಬರೀತೇನೆ ಅವರಿಗೆ’ ಎಂದಳು. ‘ಹೊಳೆಯ ಬದಿಯ ದೊಡ್ಡ ಗದ್ದೆ. ಬದುವಿನ ಮೇಲೆ ಒಂದು ಮುದಿ ಮಾವಿನ ಮರ, ಅದರ ಬುಡದಲ್ಲಿ ನಾನು ಸಣ್ಣವಳಿದ್ದಾಗ ಕೂತು…’ ಹೇಳುತ್ತ ಹೇಳುತ್ತ ಅವಳ ದನಿ ನಿಜಕ್ಕೂ ಒದ್ದೆಯಾಯಿತು. ಕೇಳುತ್ತ ಕೂತ ಗಾನವಿಗೂ ಆ ಮರ ಕಂಡಿತು. ಎಷ್ಟು ಚೆನ್ನಾಗಿ ಕಂಡಿತೆಂದರೆ ಅವಳಿಗೆ ಹೆದರಿಕೆಯಾಯಿತು. ಕಣ್ಣಿರುವ ತನಗೇ ಹೀಗೆ ಕಂಡರೆ, ಬೇರೆ ಏನೂ ಕಾಣದ ಆ ಮುದುಕಿಗೆ ಈ ಮರ ಸಾಯುವ ತನಕ ಉಳಿಯುತ್ತದೆ. ಅಲ್ಲಿಗೆ ಹೋಳಿಗೆಯ ಸೇಡೂ ಇಲ್ಲ, ಭಾನುವಾರದ ಭಯವೂ ಇಲ್ಲ, ಮಾಡಬೇಕಾದದ್ದು ಮಾತ್ರ ಉಳಿಯಿತು.

‘ಬೇಡ ಕಣೇ’ ಎಂದಳು. ‘ನೀನು ಅವರಿಗೆ ಅದನ್ನ ಬರೀಬೇಡ. ನಾಳೆ ಬೆಳಿಗ್ಗೆ ನಾನು ಆಫೀಸಲ್ಲಿ ಇರೋದನ್ನ ಇದ್ದ ಹಾಗೆ ಬರೀತೀನಿ. ನಿಂಗೆ ಮೊದ್ಲು ಹೇಳ್ಬೇಕು ಅನ್ನಿಸ್ತು.’

ಬ್ಲಾಂಚ್ ಸೊಂಟದ ಟವೆಲ್ ಕಿತ್ತು ಮೇಜಿನ ಮೇಲೆ ಹಾಕಿದಳು. ‘ನನ್ನ ಮೇಲಾ? ನೀನಾ?’ ಎಂದಳು. ಆಮೇಲೆ, ‘ಬರಿ. ಪೊಲೀಸ್ ಅಂತ ನಾನು ತಮಾಷೆಗೆ ಹೇಳಿದ್ದು. ಈಗ ಗೊತ್ತಾಯ್ತು’ ಎಂದು, ಗಾನವಿಯ ಕೈಯಲ್ಲಿದ್ದ ಪೊಟ್ಟಣವನ್ನು ಕಿತ್ತುಕೊಂಡು, ಅವಳು ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ತಾನೇ ಕಟ್ಟಿದಳು. ಆ ಮನೆಯಿಂದ ಗಾನವಿ ಯಾವತ್ತೂ ಬರಿಗೈಯಲ್ಲಿ ಹೊರಟವಳಲ್ಲ. ಮೀನು ತಿನ್ನದವಳೆಂದು ಅವಳಿಗಾಗಿಯೇ ಬೇರೆ ಸಾರು ಮಾಡಿ ಡಬ್ಬಿಯಲ್ಲಿ ಹಾಕಿ ಕೊಡುವುದು ರೂಢಿ. ಈ ಸಲ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳು ಬೇಕೆಂದೇ ತಡ ಮಾಡಿದಳು. ಡಬ್ಬಿ ಬರಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ ಹಸಿವಾಗಿತ್ತು, ಹಸಿವಾದದ್ದಕ್ಕೆ ಇನ್ನಷ್ಟು ಅವಮಾನವಾಯಿತು.

ಮನೆಯಲ್ಲಿ ಮನೀಷ್ ಎಲ್ಲವನ್ನೂ ಕೇಳಿಸಿಕೊಂಡು, ‘ನೀನು ಫ್ರೆಂಡ್‌ನ ಬಿಡ್ತೀಯೋ ಕೆಲಸ ಬಿಡ್ತೀಯೋ ನಂಗೊತ್ತಿಲ್ಲ, ಊಟ ಬಿಡ್ಬೇಡ. ಮಮಕ್ ಹೋಟೆಲಿಂದ ತಪಾವ್ ಮಾಡಿಸ್ಕೊಂಡು ಬಂದಿದ್ದೀನಿ’ ಎಂದು ಪಾರ್ಸಲ್ ಕಟ್ಟಿಸಿ ತಂದ ರೋಟಿಯ ಪೊಟ್ಟಣ ಬಿಚ್ಚಿದ. ಬೆಳಿಗ್ಗೆ ಅವಳು ಕಚೇರಿಗೆ ಎಲ್ಲರಿಗಿಂತ ಮುಂಚೆ ಹೋಗಿ ಬರೆದಳು. ತೀರ್ಮಾನಿಸುವವಳಾಗಿ ಅಲ್ಲ, ಕಂಡವಳಾಗಿ: ಈ ತೆನೆ ಇಂಥ ಕಡೆಯದು, ಕೊಯ್ಯುವಾಗ ನಾನಿದ್ದೆ, ಕಾರಿನಲ್ಲಿ ಹೊತ್ತು ತಂದವಳು ನಾನು, ಮಾರುವವಳು ನನ್ನ ಗೆಳತಿ, ಫೋಟೊದಲ್ಲಿರುವ ಮೊಣಕಾಲುಗಳು ನನ್ನವು. ಸಿಯೂ ಲಿಂಗ್ ಓದಿ, ಪರದೆಯನ್ನೂ ಅವಳ ಕಾಲನ್ನೂ ಬದಲಿಸಿ ಬದಲಿಸಿ ನೋಡಿದಳು. ‘ಇಷ್ಟು ವರ್ಷದಲ್ಲಿ ಮೊಣಕಾಲಿನ ಸಾಕ್ಷಿ ಇದೇ ಮೊದಲು ಲಾ’ ಎಂದು ನಗುತ್ತ ಒತ್ತಬೇಕಾದ ಗುಂಡಿ ಒತ್ತಿದಳು. ಜಾಹೀರಾತು ಇಳಿಯಿತು, ಕೊಂಡವರಿಗೆಲ್ಲ ಸೂಚನೆ ಹೋಯಿತು, ಮಾರಿದವಳಿಗೆ ಎಚ್ಚರಿಕೆ ಹೋಯಿತು. ದುಃಖವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಗೇ ಮೈ ಎಷ್ಟು ಹಗುರಾಯಿತೆಂದರೆ, ಮಧ್ಯಾಹ್ನ ಅವಳು ಬಣ್ಣಬಣ್ಣದ ಪಾಕ ಸುರಿದ ಐಸಿನ ಗುಡ್ಡೆಯೊಂದನ್ನು ಒಬ್ಬಳೇ ಕೂತು ತಿಂದು ಮುಗಿಸಿದಳು. ನಾಲಿಗೆ ಹಸಿರಾಯಿತು. ಲಿಫ್ಟಿನ ಕನ್ನಡಿಯಲ್ಲಿ ಅದನ್ನು ಚಾಚಿ ನೋಡಿಕೊಳ್ಳುತ್ತಿರುವಾಗ ಯಾರೋ ಒಳಬಂದರು.

ಆಮೇಲೆ ಬ್ಲಾಂಚಳಿಂದ ಫೋನಿಲ್ಲ, ಮೆಸೇಜಿಲ್ಲ. ತರಕಾರಿ ಅಂಗಡಿಯಲ್ಲಿ ಒಮ್ಮೆ ಅವಳ ಬೆನ್ನು ಕಂಡು ಗಾನವಿ ಈರುಳ್ಳಿ ರಾಶಿಯ ಹಿಂದೆ ನಿಂತಳು. ತಪ್ಪು ಮಾಡಿದವಳು ಅವಳು, ಅಡಗಿಕೊಂಡವಳು ತಾನು. ಹಬ್ಬ ಭಾನುವಾರ ಬಿದ್ದಿತ್ತು. ಮನೀಷ್ ಬೆಳಿಗ್ಗೆಯೇ ಕ್ರಿಕೆಟ್ ಹಾಕಿದ್ದ. ಗಾನವಿ ಅವನನ್ನು ನೋಡುತ್ತ ಕೂತಿದ್ದಳು. ಆಗ ಫೋನು ಹೊಡೆದುಕೊಂಡಿತು.

‘ನೀನು ಎಲ್ಲಿ ಸತ್ತಿದ್ದಿ?’

‘ಮನೇಲಿ’ ಎಂದಳು ಗಾನವಿ.

‘ಪಲ್ಯ ಎಣಿಸಿದರೆ ಸಮಸಂಖ್ಯೆ ಬಂತು. ನಮಗೆ ಈ ಹಬ್ಬಕ್ಕೆ ಬೆಸಸಂಖ್ಯೆಯೇ ಆಗಬೇಕು. ಏನಾದರೂ ಒಂದು ಮಾಡಿ ತಾ. ತರಕಾರಿದು. ಹೋಳಿಗೆ ಎಲ್ಲ ಬೇಡ’ ಎಂದು ಬ್ಲಾಂಚ್ ಫೋನಿಟ್ಟಳು.

ಇನ್ನೊಂದು ಪಲ್ಯ ತಾನೇ ಮಾಡಿಕೊಳ್ಳಲಾಗದವಳಲ್ಲ ಬ್ಲಾಂಚ್. ಅವಳು ಮಾತಾಡುತ್ತಲೇ ಮೂರು ಪಲ್ಯ ಮಾಡಬಲ್ಲಳು. ಗಾನವಿ ಫ್ರಿಜ್ಜಿನಲ್ಲಿದ್ದ ಅಲಸಂದೆ ಕೋಡು ಹೆಚ್ಚಿದಳು, ಮನೀಷನ ಕೈಯಲ್ಲಿ ತೆಂಗಿನಕಾಯಿ ತುರಿಸಿದಳು, ಸಾಸಿವೆ ಸಿಡಿದು ಕೈ ಸುಟ್ಟದ್ದಕ್ಕೂ ಹಿಗ್ಗಿದಳು. ಬ್ಲಾಂಚಳ ಮನೆಯಲ್ಲಿ ಬಾಲಮರಿಯಮ್ಮನ ಪುಟ್ಟ ವಿಗ್ರಹದ ಸುತ್ತ ಕೆಂಪು ದಾಸವಾಳ, ಆರ್ಕಿಡ್ಡು. ಮೇಜಿನ ಮೇಲೆ ಬಾಳೆಲೆ. ಜುಬ್ಬಾ ತೊಟ್ಟ ಕ್ಲಾರೆನ್ಸ್ ಚರ್ಚಿನಿಂದ ಮಂತ್ರಿಸಿಕೊಂಡು ತಂದ ತೆನೆಯಿಂದ ಕಾಳು ಬಿಡಿಸುತ್ತಿದ್ದ. ಅದೇ ಸೆಕಿಂಚಾನ್ ತೆನೆ. ಬ್ಲಾಂಚ್ ಗಾನವಿಯ ಮುಖ ನೋಡದೆ ಪಾತ್ರೆ ಇಸಿದುಕೊಂಡಳು.

‘ಉಪ್ಪು ಹಾಕಿದ್ದಿಯಲ್ಲ?’

‘ಹಾಕಿದ್ದೀನಿ.’

‘ನನ್ನ ಸಿಟ್ಟು ಇನ್ನೂ ಇಳಿಯಲಿಲ್ಲ, ತಿಳೀತಾ? ಬಾಕಿ ಜಗಳ ಊಟ ಆದ ಮೇಲೆ.’ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿದಳು. ‘ಎಲ್ಲರಿಗೂ ಫೋನ್ ಮಾಡಿದೆ, ಒಬ್ಬೊಬ್ಬರಿಗೂ. ನಿಮ್ಮ ಕಂಪನಿ ಹೇಳಿತು ಅಂತ ಅಲ್ಲ. ಆ ಮಾವಿನ ಮರ ನನಗೇ ನಿದ್ದೆ ಮಾಡಲಿಕ್ಕೆ ಬಿಡಲಿಲ್ಲ. ಬೈದರು. ಒಬ್ಬಳು ಪ್ಯಾಕೆಟ್ಟನ್ನು ಬಾತುಕೋಳಿಗೆ ಹಾಕಿದೆ ಅಂದಳು.’

‘ಇಪೊಹ್‌ನವರು?’

‘ಅವರು ಬೈಯಲಿಲ್ಲ. ಸೆಕಿಂಚಾನ್‌ದು ಅಂದೆ. ಆಯಿತು, ಅಲ್ಲಿ ಯಾವ ಗದ್ದೆಯದು ಅಂತ ಕೇಳಿದರು.’

‘ನೀನೇನಂದೆ?’

‘ನಾನು ಎಂಥ ಹೇಳುವುದು? ಗದ್ದೆಯನ್ನು ನಾನು ನೋಡಿದ್ದಾ? ನಾನು ಆ ರೈತ ಮುದುಕನ ಹತ್ತಿರ ಚೌಕಾಸಿಯಲ್ಲಿದ್ದೆ. ಬಾಯಿ ಬಿಟ್ಟುಕೊಂಡು ನೋಡಿದ್ದು ನೀನು.’ ಅಷ್ಟು ಹೇಳಿ ಬ್ಲಾಂಚ್ ನಂಬರು ಒತ್ತಿ, ಫೋನನ್ನು ಬಾಳೆಲೆಗಳ ನಡುವೆ ಇಟ್ಟಳು.

ಆ ಕಡೆಯಿಂದ ವಿನ್‌ಸ್ಟನ್ ಅವರ ದನಿ ಬಂತು, ಪತ್ರದಲ್ಲಿದ್ದಷ್ಟೇ ಮರ್ಯಾದೆಯ ದನಿ. ‘ನಮಸ್ಕಾರ. ಬಟ್ಟಲು ಅವಳ ಕೈಯಲ್ಲಿ ಉಂಟು. ತಾವು ಹೇಳಬಹುದು.’ ಗಾನವಿಗೆ ಕಣ್ಣು ಮುಚ್ಚಬೇಕೆನ್ನಿಸಿತು, ಮುಚ್ಚಿದಳು. ನೋಡಿದ್ದೇ ಇಲ್ಲವೆಂದುಕೊಂಡಿದ್ದೆಲ್ಲ ಒಂದೊಂದಾಗಿ ಬಂತು. ಉದ್ದ ನೇರ ಕಾಲುವೆ, ಚಹಾದ ಬಣ್ಣದ ನೀರು. ಕಾಲುವೆಯ ದಂಡೆಯಲ್ಲಿ ಸ್ಟ್ಯಾಂಡ್ ಹಾಕಿದ ಹಳೆ ಸ್ಕೂಟರು, ಅದರ ಸೀಟಿನ ಮೇಲೊಂದು ಬೆಳ್ಳಕ್ಕಿ. ರೈತನ ಟೋಪಿಗೆ ಗಲ್ಲದ ಕೆಳಗೆ ಕಟ್ಟಿದ ಗುಲಾಬಿ ದಾರ. ಗದ್ದೆಯ ಮೂಲೆಯಲ್ಲಿ ಕೊಯ್ದು ಬಿಟ್ಟ ಜಾಗ, ಅಲ್ಲಿ ಕೂಳೆಯ ನಡುವೆ ನಿಂತ ನೀರಿನಲ್ಲಿ ಮೋಡ. ಗಾನವಿ ಹೇಳುತ್ತ ಹೋದಳು; ಕ್ಲಾರೆನ್ಸ್ ಕಾಳು ಬಿಡಿಸುವುದನ್ನು ನಿಲ್ಲಿಸಿದ.

‘ಗಾಳಿ ಯಾವ ಕಡೆಯಿಂದ?’ ಎಂದು ಕೇಳಿತು ಒಂದು ಹೆಂಗಸಿನ ದನಿ, ನಡುಗುತ್ತ, ಆದರೆ ಅಧಿಕಾರದಿಂದ. ಅದು ಲಿನೆಟ್.

‘ಸಮುದ್ರದ ಕಡೆಯಿಂದ ಅಜ್ಜಿ. ತೆನೆ ಎಲ್ಲ ನಮ್ಮ ಕಡೆಗೇ ಬಾಗಿತ್ತು.’

‘ಬದುವಿನಲ್ಲಿ ಏಡಿ ಉಂಟಾ?’

ಬ್ಲಾಂಚ್ ಎದುರಿಗೆ ನಿಂತು ಉಂಟು ಅನ್ನು, ಉಂಟು ಅನ್ನು ಎಂದು ಜೋರಾಗಿ ತಲೆಯಾಡಿಸಿದಳು. ಎಷ್ಟು ಸಣ್ಣ ಏಡಿ. ಯಾರಿಗೆ ಹೊಟ್ಟೆನೋವು ಬರುತ್ತದೆ? ಗಾನವಿ ಕಣ್ಣು ತೆರೆದು ಅವಳನ್ನು ನೋಡಿದಳು.

‘ನಾನು ನೋಡ್ಲಿಲ್ಲ ಅಜ್ಜಿ.’

ಬ್ಲಾಂಚ್ ಹಣೆ ಚಚ್ಚಿಕೊಂಡಳು. ಆಮೇಲೆ ಫೋನಿನಲ್ಲಿ ಚಮಚ ಬಟ್ಟಲಿಗೆ ತಾಗಿದ್ದು ಕೇಳಿತು, ಯಾರೋ ನಿಧಾನವಾಗಿ ಅಗಿಯುವುದು ಕೇಳಿತು.

‘ಇದ್ದೇ ಇರ್ತದೆ’ ಎಂದಳು ಲಿನೆಟ್, ಬಾಯಿ ತುಂಬ ಹೊಸ ಭತ್ತ ಇಟ್ಟುಕೊಂಡು. ‘ನೀನು ಬಗ್ಗಿ ನೋಡಿರಲಿಕ್ಕಿಲ್ಲ ಮಗಾ.’